ಸಂಪಾಜೆ ಘಾಟಿಗೂ ತೋಟದ ದಾರಿಗೂ ಯಾವ ಲಾರಿ: ಹಳೆ ಆರು ಚಕ್ರ, ಬಿಎಸ್ 6 ಆರು ಚಕ್ರ, ಹತ್ತು ಚಕ್ರ

ಕೊಡಗಿನಲ್ಲಿ ಲಾರಿ ಕೊಳ್ಳಲು ಹೊರಟವರು ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು, ಮೈಲೇಜ್ ಎಷ್ಟು ಎಂದು. ಎರಡೂ ಹತ್ತುವಾಗಿನ ಲೆಕ್ಕ. ಇಲ್ಲಿನ ರಸ್ತೆಯಲ್ಲಿ ಗಾಡಿಯ ಗುಣ ತಿಳಿಯುವುದು ಲೋಡಿನ ಜೊತೆ ಇಳಿಯುವಾಗ, ಅದು ಬಿಟ್ಟರೆ ತೋಟದ ಗೇಟಿನ ಒಳಗೆ ತಿರುಗಿಸುವಾಗ. ಆದ್ದರಿಂದ ಈ ಹೋಲಿಕೆಯನ್ನು ಇಳಿಜಾರಿನಿಂದಲೇ ಶುರು ಮಾಡುತ್ತಿದ್ದೇವೆ. ಒಂದೇ ದಾರಿಯಲ್ಲಿ ಓಡಿಸಿ ನೋಡಿದ ಗಾಡಿಗಳು ಮೂರು ಬಗೆ: ಮೈಕೊ ಕಂಪನಿಯ ಯಾಂತ್ರಿಕ ಡೀಸೆಲ್ ಪಂಪಿನ ಹಳೆ ಆರು ಚಕ್ರ (ಟಾಟಾ 1613 ಮಾದರಿಯ ಕಾಲದ ಆರು ಸಿಲಿಂಡರ್ ಗಾಡಿ), 2020ರ ಏಪ್ರಿಲ್ ನಂತರದ, ಬಿಎಸ್ 6 ಎಂಬ ಹೊಗೆ ನಿಯಮದ ಆರು ಚಕ್ರ, ಮತ್ತು ನಮ್ಮ ಕಡೆ ಯಾವ ಕಂಪನಿಯದಾದರೂ ‘ಟಾರಸ್’ ಎಂದೇ ಕರೆಸಿಕೊಳ್ಳುವ ಹತ್ತು ಚಕ್ರ.

ಮಡಿಕೇರಿಯಿಂದ ಸಂಪಾಜೆಗೆ ಮೂವತ್ತು ಕಿಲೋಮೀಟರಿಗಿಂತ ಕಡಿಮೆ ದೂರ. ಅಷ್ಟರಲ್ಲಿ ರಸ್ತೆ ಸುಮಾರು ಸಾವಿರ ಮೀಟರ್ ಕೆಳಗಿಳಿಯುತ್ತದೆ. ಆರು ಚಕ್ರದ ಗಾಡಿಗೆ ಈಗ ಲೋಡ್ ಸೇರಿ ಕಾನೂನು ಒಪ್ಪುವ ತೂಕ 18.5 ಟನ್. ಆ ತೂಕ ಸಾವಿರ ಮೀಟರ್ ಇಳಿದಾಗ ಹುಟ್ಟುವ ಶಕ್ತಿ ಸುಮಾರು 50 ಯೂನಿಟ್ ಕರೆಂಟಿಗೆ ಸಮ. ಹತ್ತು ಚಕ್ರದ 28.5 ಟನ್ನಿಗೆ ಅದು 77 ಯೂನಿಟ್ ದಾಟುತ್ತದೆ. ಟೈರು, ಗಾಳಿ ಒಂದಿಷ್ಟು ತಿಂದು ಉಳಿದದ್ದೆಲ್ಲ ಶಾಖ. ಅದನ್ನು ಇಂಜಿನ್ ತಡೆಯಬೇಕು, ಇಲ್ಲವಾದರೆ ಚಕ್ರದ ಬ್ರೇಕ್ ಡ್ರಮ್ಮು ತಡೆಯಬೇಕು. ಮೂರನೆಯದು ಇಲ್ಲ.

ಹೊಸ ಗಾಡಿ ನೋಡಲು ಹೋದವರು ಗಮನಿಸದೆ ಬಿಡುವ ಅಂಕಿ ಇಲ್ಲಿದೆ. ಎಕ್ಸಾಸ್ಟ್ ಬ್ರೇಕ್ ಎಂದರೆ ಹೊಗೆ ಕೊಳವೆಯಲ್ಲಿರುವ ಒಂದು ತಟ್ಟೆ. ಅದು ಮುಚ್ಚಿಕೊಂಡಾಗ ಪಿಸ್ಟನ್ನುಗಳು ಒತ್ತಡದ ವಿರುದ್ಧ ದುಡಿಯಬೇಕಾಗಿ ಇಂಜಿನ್ ಗಾಡಿಯನ್ನು ಹಿಡಿದಿಡುತ್ತದೆ. ಈ ಹಿಡಿತ ಇಂಜಿನ್ ಎಷ್ಟು ಲೀಟರ್, ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿದೆ ಎನ್ನುವುದರ ಮೇಲೆ ನಿಂತಿದೆ. ಹಾರ್ಸ್‌ಪವರ್ ಮೇಲೆ ಅಲ್ಲ. ಹಳೆ ಆರು ಸಿಲಿಂಡರ್ ಕಮ್ಮಿನ್ಸ್ 5.9 ಲೀಟರ್, ಪವರ್ 130ರ ಆಸುಪಾಸು. ಇಂದು ಬರುವ ಎಷ್ಟೋ ಆರು ಚಕ್ರಗಳಲ್ಲಿ ನಾಲ್ಕೇ ಸಿಲಿಂಡರ್, 4 ಲೀಟರಿಗಿಂತ ಕಡಿಮೆ. ಆದರೂ ಪವರ್ ಹಳೆಯದರಷ್ಟೇ, ಕೆಲವದರಲ್ಲಿ ಇನ್ನೂ ಹೆಚ್ಚು. ಹತ್ತುವಾಗ ಟರ್ಬೊ ಈ ಕೊರತೆ ತುಂಬಿಕೊಡುತ್ತದೆ. ಇಳಿಯುವಾಗ ತುಂಬಿಕೊಡುವವರಿಲ್ಲ. ಒಂದೇ ಲೋಡು, ಒಂದೇ ತಿರುವು; ಹಳೆ ಗಾಡಿ ಮೂರನೇ ಗೇರಿನಲ್ಲಿ ಕಾಲು ತಾಗಿಸದೆ ನಿಲ್ಲುವ ಜಾಗದಲ್ಲಿ ಚಿಕ್ಕ ಇಂಜಿನ್ನಿನ ಹೊಸ ಗಾಡಿಗೆ ಎರಡನೇ ಗೇರ್ ಬೇಕು. ಇದು ಹೊಸ ಗಾಡಿಯ ದೋಷ ಎನ್ನುವಂತಿಲ್ಲ, ಅದನ್ನು ಓಡಿಸುವ ಕ್ರಮವೇ ಬೇರೆ. ಹಳೆ ಗಾಡಿಯ ಅಭ್ಯಾಸದಲ್ಲೇ ಹೊಸದನ್ನು ಇಳಿಸಿದರೆ ಮದೆನಾಡು ದಾಟುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತದೆ. ಶೋರೂಮಿನಲ್ಲಿ ಮೊದಲ ಪ್ರಶ್ನೆ ‘ಎಷ್ಟು ಲೀಟರ್ ಇಂಜಿನ್’ ಎಂದಿರಲಿ.

ಹತ್ತು ಚಕ್ರದ ಲೆಕ್ಕ ಇನ್ನೂ ಸೂಕ್ಷ್ಮ. ತೂಕ ಒಂದೂವರೆ ಪಟ್ಟು ಏರಿದರೆ ಡ್ರಮ್ಮುಗಳೂ ನಾಲ್ಕರಿಂದ ಆರಾಗುತ್ತವೆ. ತಲಾ ಒಂದು ಡ್ರಮ್ಮಿನ ಪಾಲು ಹೆಚ್ಚುಕಡಿಮೆ ಅಷ್ಟೇ. ಆದರೆ ಆರು ಲೀಟರಿನೊಳಗಿನ ಇಂಜಿನ್ನೇ ಇರುವ ಹತ್ತು ಚಕ್ರ ಬೇಕಾದಷ್ಟಿವೆ. ಇಂಜಿನ್ ಹಿಡಿತ ಟನ್ನಿಗೆ ಕಡಿಮೆಯಾದಷ್ಟೂ ಹೊರೆ ಡ್ರಮ್ಮಿಗೆ ಹೋಗುತ್ತದೆ. ಇದಕ್ಕಿಂತ ಭಯಪಡಬೇಕಾದ್ದು ಲಿಫ್ಟ್ ಆಕ್ಸಲ್ ಇರುವ ಗಾಡಿಯಲ್ಲಿ, ಲೋಡಿದ್ದಾಗಲೂ ಟೈರ್ ಉಳಿಸಲು ಡಮ್ಮಿಯನ್ನು (ಇಂಜಿನ್ ಎಳೆತವಿಲ್ಲದೆ ಭಾರ ಮಾತ್ರ ಹೊರುವ ಹಿಂದಿನ ಆಕ್ಸಲ್) ಎತ್ತಿಕೊಂಡು ಘಾಟಿ ಇಳಿಯುವ ಚಾಳಿ. ಎತ್ತಿದ ಆಕ್ಸಲ್‌ನ ಎರಡು ಡ್ರಮ್ಮು ಗಾಳಿಯಲ್ಲಿ ತೂಗಾಡುತ್ತವೆ. 28 ಟನ್ನನ್ನು ನಾಲ್ಕು ಡ್ರಮ್ಮು ತಡೆಯಬೇಕು, ಹಿಂದಿನ ಹೌಸಿಂಗಿಗೆ, ಅಂದರೆ ಎಳೆಯುವ ಆಕ್ಸಲ್‌ಗೆ, ಮಿತಿ ಮೀರಿದ ಭಾರ ಬೀಳುತ್ತದೆ. ದಯವಿಟ್ಟು ಇದೊಂದನ್ನು ಮಾಡಬೇಡಿ. ಡಮ್ಮಿ ಎತ್ತುವುದು ಖಾಲಿ ಗಾಡಿಗೆ.

ಗೇರ್ ಬೇರೆಬೇರೆಯಾದರೂ ಇಳಿಯುವ ಸೂತ್ರ ಮೂರಕ್ಕೂ ಒಂದೇ. ಮಡಿಕೇರಿ ಬಿಡುವ ಮುನ್ನ ಸಮತಟ್ಟಿನಲ್ಲೇ ಗೇರ್ ಇಳಿಸಿಕೊಳ್ಳಿ; ಅದೇ ಲೋಡಿಗೆ ಹತ್ತುವಾಗ ಬೇಕಾಗುವ ಗೇರಿಗಿಂತ ಒಂದು ಕೆಳಗೆ. ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ಆರ್‌ಪಿಎಂ ಕೆಂಪು ಗೆರೆಯೊಳಗೆ ಮೇಲ್ಮಟ್ಟದಲ್ಲಿರಲಿ. 1200ರ ಕೆಳಗೆ ಅದರಿಂದ ಹೇಳಿಕೊಳ್ಳುವ ಉಪಯೋಗವಿಲ್ಲ. ಕಾಲು ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಗಂಟೆಗೆ ಏಳೆಂಟು ಕಿಲೋಮೀಟರ್ ಇಳಿಸಿ, ಪೂರ್ತಿ ಬಿಡಿ. ಹಾಗೆಂದು ಪುಟಪುಟ ಪಂಪ್ ಮಾಡಿದರೆ ಟ್ಯಾಂಕಿನ ಗಾಳಿ ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತದೆ. ಡ್ರಮ್ಮು ಕಾದಿದ್ದರೆ ಅಗಲ ಜಾಗ ನೋಡಿ ಅರ್ಧ ಗಂಟೆಯಾದರೂ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ನೀರು ಹೊಯ್ಯಬೇಡಿ, ಡ್ರಮ್ಮು ಸೀಳುತ್ತದೆ. ಬಿಸಿಯಲ್ಲಿ ಬ್ರೇಕ್ ಟೈಟ್ ಮಾಡಲೂ ಬೇಡಿ: ಆಗ ಡ್ರಮ್ಮು ಹಿಗ್ಗಿರುತ್ತದೆ, ತಣಿದು ಕುಗ್ಗಿದಾಗ ಲೈನರ್ ಕಚ್ಚಿಕೊಳ್ಳುತ್ತದೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ಹಿಂದೆ ಬೈಕಿನವರು ಬರುತ್ತಾರೆ.

ಹಳೆ ಗಾಡಿಯ ದುರ್ಬಲ ಜಾಗ ಸ್ಲ್ಯಾಕ್ ಅಡ್ಜಸ್ಟರ್, ಅಂದರೆ ಲೈನರ್ ಸವೆದಂತೆ ಬ್ರೇಕ್ ಟೈಟ್ ಮಾಡುವ ಭಾಗ. ಅದು ಕೈಯಿಂದ ಮಾಡುವ ಕೆಲಸ. ತಣ್ಣಗಿದ್ದಾಗ, ಚಕ್ರಕ್ಕೆ ಅಡ್ಡ ಕೊಟ್ಟು ಹ್ಯಾಂಡ್ ಬ್ರೇಕ್ ಬಿಟ್ಟು, ಲೈನರ್ ಡ್ರಮ್ಮಿಗೆ ತಾಗುವ ತನಕ ತಿರುಗಿಸಿ, ಮತ್ತೆ ಅರ್ಧ ಸುತ್ತು ಹಿಂದಕ್ಕೆ ಬಿಡಬೇಕು. ಎಡಬಲ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಮಳೆಯಲ್ಲಿ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೊಸದರಲ್ಲಿ ಅಡ್ಜಸ್ಟರ್ ತಾನೇ ಹೊಂದಿಕೊಳ್ಳುತ್ತದೆ, ಎಬಿಎಸ್ ಇರುವುದರಿಂದ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗುವುದಿಲ್ಲ. ಆದರೆ ಎಬಿಎಸ್ ಡ್ರಮ್ಮನ್ನು ತಣಿಸುವುದಿಲ್ಲ ಎಂಬುದು ನೆನಪಿರಲಿ. ಏರ್ ಟ್ಯಾಂಕಿನ ನೀರು ಮಳೆಗಾಲದಲ್ಲಿ ಹಳೆ ಗಾಡಿಗೆ ದಿನಾ ಬಿಡಬೇಕು. ಹೊಸದಕ್ಕೆ ಏರ್ ಡ್ರೈಯರ್ ಇದ್ದರೂ ವಾರಕ್ಕೊಮ್ಮೆ ಟ್ಯಾಂಕಿನ ನೀರು ಬಿಡುವ ವಾಲ್ವ್ ತೆರೆದು ನೋಡಿ. ನೀರು ಬಂದರೆ ಡ್ರೈಯರ್ ಕಾರ್ಟ್ರಿಜ್ ಬದಲಿಸುವ ಕಾಲ ಬಂದಿದೆ.

ಹತ್ತುವ ವಿಷಯದಲ್ಲಿ ಹೆಚ್ಚು ಮಾತು ಬೇಡ. ಹೊಸ ಗಾಡಿ ಗೆಲ್ಲುತ್ತದೆ. ನೋಡಬೇಕಾದ್ದು ಹಿಂದಿನ ಆಕ್ಸಲ್‌ನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಹಲ್ಲಿನ ಲೆಕ್ಕ. 41ಕ್ಕೆ 6 ಎಂದರೆ 6.83; ಘಾಟಿಗೂ ಕೂಪಿನ (ಮರ ಕಡಿಯುವ ಜಾಗ) ಏರಿಗೂ ಹಾಯಾಗಿ ಎಳೆಯುತ್ತದೆ, ಬಯಲಿನಲ್ಲಿ ಇಂಜಿನ್ ಕೂಗುತ್ತದೆ. 41ಕ್ಕೆ 7 ಎಂದರೆ 5.86; ಕುಶಾಲನಗರದಿಂದ ಮೈಸೂರಿಗೆ ಡೀಸೆಲ್ ಉಳಿಯುತ್ತದೆ, ತೋಟದ ಏರಿನಲ್ಲಿ ಕ್ಲಚ್ ಸವೆಯುತ್ತದೆ. ತಿಂಗಳಲ್ಲಿ ಹೆಚ್ಚು ದಿನ ಎಲ್ಲಿ ಓಡುತ್ತದೋ ಅದಕ್ಕೆ ತಕ್ಕಂತೆ ಬುಕ್ ಮಾಡುವಾಗಲೇ ಹೇಳಿ. ಆಮೇಲೆ ಬದಲಿಸುವುದು ದುಬಾರಿ.

ಬಿಎಸ್ 6 ಗಾಡಿಯ ನಿಜವಾದ ತಕರಾರು ಶುರುವಾಗುವುದು ತೋಟದಿಂದ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡಾಟದಲ್ಲಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಬಿಸಿ ಹೊಗೆ ಬೇಕು, ಅದಕ್ಕೆ ಒಂದೇ ಸಮ ಓಟ ಬೇಕು. ಲೋಡಿಂಗ್ ಹೊತ್ತಿನಲ್ಲಿ ಗಂಟೆಗಟ್ಟಲೆ ಇಂಜಿನ್ ಚಾಲೂ ಬಿಡುವುದು, ಫಸ್ಟ್ ಗೇರಿನಲ್ಲಿ ತೆವಳುವುದು, ಇಳಿಜಾರಿನಲ್ಲಿ ತಣ್ಣಗೆ ಇಳಿಯುವುದು ಎಲ್ಲ ಸೇರಿ ಮಸಿ ತುಂಬುತ್ತದೆ. ಮೀಟರಿನಲ್ಲಿ ದೀಪ ಬಂದಾಗ ಅಲಕ್ಷ್ಯ ಮಾಡಿದರೆ ಇಂಜಿನ್ ಪವರ್ ತಾನೇ ಇಳಿಯುತ್ತದೆ, ಆಮೇಲೆ ಸರ್ವಿಸ್ ಸೆಂಟರಿನ ಲ್ಯಾಪ್‌ಟಾಪ್ ಬಂದೇ ಬಿಡಿಸಬೇಕು. ಬಯಲು ರಸ್ತೆಯಲ್ಲಿ ವಾರಕ್ಕೊಂದೆರಡು ಸಲ ಅರ್ಧ ಮುಕ್ಕಾಲು ಗಂಟೆ ಒಂದೇ ಸಮ ಓಡಿಸಿದರೆ ಈ ತೊಂದರೆ ಬಹುಪಾಲು ಬರುವುದಿಲ್ಲ.

ಗಾಡಿ ನಿಲ್ಲಿಸಿ ಡಿಪಿಎಫ್ ಮಸಿ ಸುಡುವ ಬಟನ್ ಒತ್ತುವುದಾದರೆ ಜಾಗ ನೋಡಿ ಒತ್ತಿ. ಆಗ ಫಿಲ್ಟರಿನ ಒಳಗಿನ ಬಿಸಿ 600 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ, ಅಂದರೆ ರೊಬಸ್ಟಾ ಸಾಗಿಸುವ ಕಾಲಕ್ಕೇ ಸರಿಯಾಗಿ, ಸಿಲ್ವರ್ ಓಕಿನ ಒಣ ಎಲೆ ತೋಟದ ದಾರಿಯಲ್ಲಿ ಮೊಣಕಾಲುದ್ದ ಬಿದ್ದಿರುತ್ತದೆ. ಕಣದ ಸಿಮೆಂಟು ನೆಲದಲ್ಲಿ, ಟಾರ್ಪಾಲು, ಗೋಣಿ ಹತ್ತಿರವಿಲ್ಲದ ಕಡೆ ನಿಲ್ಲಿಸಿ. ಒಂದು ತೋಟಕ್ಕೆ ಬೆಂಕಿ ಬೀಳಲು ಆ ಬಿಸಿಯೂ ಒಣ ಎಲೆಯೂ ಸಾಕು.

ಬಿಎಸ್ 6 ಗಾಡಿಯ ಹೊಗೆ ಶುದ್ಧಿಗೆ ಬೇಕಾದ ಯೂರಿಯಾ ನೀರು, ಅಂದರೆ ಡಿಇಎಫ್, 32.5 ಶೇಕಡಾ ಯೂರಿಯಾ, ಉಳಿದದ್ದು ಶುದ್ಧ ನೀರು. ಗೊಬ್ಬರದ ಯೂರಿಯಾ ಕಲಸಿ ಹಾಕುವ ಬುದ್ಧಿವಂತಿಕೆ ನಾಝಲ್ಲನ್ನೂ ಕ್ಯಾಟಲಿಸ್ಟನ್ನೂ ಕೊಲ್ಲುತ್ತದೆ. ಬಕೆಟ್ಟಿನ ಮುಚ್ಚಳ ತೆಗೆಯುವ ಮುನ್ನ ಕೆಮ್ಮಣ್ಣಿನ ಧೂಳು ಒರೆಸಿ, ಅದಕ್ಕೆಂದೇ ಇರುವ ಫನೆಲ್ ಬಳಸಿ, ಡೀಸೆಲ್ ಫನೆಲ್ ಬೇಡ. ಮಾಕುಟ್ಟದ ಕಡೆ ಹೊರಟಿದ್ದರೆ ವಿರಾಜಪೇಟೆಯಲ್ಲೇ ತುಂಬಿಸಿ. ಡಿಇಎಫ್ ಮುಗಿದು ಪವರ್ ಇಳಿದರೆ ಆ ಕಾಡಿನ ಏರಿನಲ್ಲಿ ಗಾಡಿ ಅಡ್ಡ ನಿಂತಂತೆಯೇ.

ಇದಕ್ಕೆ ಪ್ರತಿಯಾಗಿ ಹಳೆ ಗಾಡಿಯ ದೊಡ್ಡ ಬಲ, ಅದನ್ನು ದಾರಿಯಲ್ಲೇ ಬದುಕಿಸಬಹುದು. ಡೀಸೆಲ್ ಏರ್ ಹಿಡಿದರೆ ಒಂದು ಸ್ಪ್ಯಾನರ್ ಸಾಕು: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತುತ್ತಾ ಹೋಗಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ, ಆಮೇಲೆ ಪಂಪಿನ ಸ್ಕ್ರೂ. ಅಷ್ಟಕ್ಕೂ ಹೊತ್ತದಿದ್ದರೆ ನಾಝಲ್ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಈ ಕೊನೆಯ ಕೆಲಸವನ್ನು ಬಿಎಸ್ 6 ಗಾಡಿಯಲ್ಲಿ ಯಾವ ಕಾರಣಕ್ಕೂ ಮಾಡಕೂಡದು. ಕಾಮನ್ ರೈಲಿನ ಒತ್ತಡ ಸಾವಿರ ಬಾರ್ ಮೀರಿರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿ ವಾಟರ್ ಸೆಪರೇಟರ್ ಹತ್ತಿರದ ಕೈ ಪಂಪ್ ಒತ್ತಿ, ಅಷ್ಟಕ್ಕೆ ನಿಲ್ಲಿಸಿ. ಹಳೆಯದರ ನಷ್ಟದ ಕಡೆ: 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಚಾಸಿಯಲ್ಲಿ ಮಳೆಗಾಲದ ತುಕ್ಕು, ಮತ್ತು ಮಂಜು. ಜುಲೈಯಲ್ಲಿ ಮಡಿಕೇರಿಯ ಮಂಜಿಗೆ ಗಾಜಿನ ಒಳಗೂ ಹಬೆ ಕೂರುತ್ತದೆ, ಬಟ್ಟೆಯಲ್ಲಿ ಒರೆಸುತ್ತಲೇ ಓಡಿಸಬೇಕು. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಸುಖದ ಮಾತು ಹಾಗಿರಲಿ, ಘಾಟಿಯಲ್ಲಿ ಅದು ಗಾಜು ಒಣಗಿಸುವ ಸಾಧನ, ಅದಕ್ಕಾಗಿಯೇ ಬೇಕು.

ತೋಟದೊಳಗೆ ಉದ್ದವೇ ಶತ್ರು. ಒಂದು ಕಡೆ ಕದಂಗ (ಕಂದಕ), ಇನ್ನೊಂದು ಕಡೆ ಬರೆ (ಕಡಿದಾದ ಮಣ್ಣಿನ ಗೋಡೆ) ಇರುವ ದಾರಿಯಲ್ಲಿ 17-18 ಅಡಿ ಬಾಡಿಯ ಆರು ಚಕ್ರ ಒಂದೇ ಪಟ್ಟಿಗೆ ತಿರುಗುವ ಕಡೆ 22 ಅಡಿಯದು ಎರಡು ರಿವರ್ಸ್ ಕೇಳುತ್ತದೆ. ಆದರೆ ಚೆರಿ ಕಾಫಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಹಗುರ, ಜಾಗ ತಿನ್ನುತ್ತದೆ. 50 ಕೆಜಿಯ ಚೀಲ 200 ದಾಟಿದರೆ ಗಿಡ್ಡ ಬಾಡಿಯಲ್ಲಿ ಲೋಡ್ ಎತ್ತರಕ್ಕೆ ಏರಿ ತಿರುವಿನಲ್ಲಿ ಗಾಡಿ ವಾಲುತ್ತದೆ, ಕೊಂಬೆಗೂ ಕರೆಂಟ್ ತಂತಿಗೂ ತಾಗುತ್ತದೆ. ಚೆರಿಗೆ 20 ಅಡಿ ನಮಗೆ ಹದವಾಗಿ ಕಂಡಿದೆ. 60 ಕೆಜಿಯ ಶುಂಠಿ ಚೀಲಕ್ಕೂ ಮರಕ್ಕೂ ಗಿಡ್ಡ ಬಾಡಿಯೇ ಸರಿ. ಆಗ ತಾನೇ ಕಡಿದ ಹಸಿ ಮರ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಭಾರ. ಬಾಡಿ ತುಂಬುವ ಮೊದಲೇ ತೂಕ ತುಂಬಿರುತ್ತದೆ.

ಹತ್ತು ಚಕ್ರ ತೋಟದೊಳಗೆ ಹೋಗಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ, ಡಬಲ್ ಹೌಸಿಂಗ್ (ಹಿಂದಿನ ಎರಡೂ ಆಕ್ಸಲ್ ಎಳೆಯುವ ಗಾಡಿ) ಇದ್ದರೆ ಮಾತ್ರ ಬೇರೆ ಮಾತು. ಡಮ್ಮಿ ಇರುವ ಗಾಡಿ ಉಬ್ಬುತಗ್ಗು ದಾಟುವಾಗ ಭಾರ ಡಮ್ಮಿಗೆ ಹೋಗಿ ಎಳೆಯುವ ಚಕ್ರ ಹಗುರಾಗುತ್ತದೆ, ಒದ್ದೆ ಕೆಮ್ಮಣ್ಣಿನಲ್ಲಿ ನಿಂತಲ್ಲೇ ತಿರುಗುತ್ತದೆ. ಡಬಲ್ ಹೌಸಿಂಗಿನಲ್ಲಿ ಎಳೆಯುವ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫ್ ಲಾಕ್ ಇದೆ: ಗಾಡಿ ನಿಂತಿರುವಾಗ ಹಾಕಿ, ಕೆಸರು ದಾಟಿದ ಕೂಡಲೇ ತೆಗೆಯಿರಿ. ಟಾರ್ ರಸ್ತೆಯಲ್ಲಿ ಹಾಕಿಕೊಂಡೇ ತಿರುಗಿಸಿದರೆ ಆಕ್ಸಲ್ ಶಾಫ್ಟು, ಇಲ್ಲವೇ ಕ್ರೌನು ಹೋಗುತ್ತದೆ. ಇನ್ನು ಘಾಟಿಯ ಬಿಗಿ ತಿರುವಿನಲ್ಲಿ ಹಿಂದಿನ ಜೋಡಿ ಆಕ್ಸಲ್‌ನ ಟೈರು ಅಡ್ಡಕ್ಕೆ ಉಜ್ಜಿ ಅಂಚು ಸವೆಯುವುದು ಇದ್ದದ್ದೇ. ಸ್ಟೆಪ್ನಿ ಸೇರಿ 11 ಟೈರಿನ ಖರ್ಚನ್ನು ಬಾಡಿಗೆಯಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಟೈರಿನಲ್ಲಿ ಮರದ ಕೂಪಿಗೆ ನೈಲಾನ್, ಅದರ ಪಕ್ಕದ ಗೋಡೆ ಬೊಡ್ಡೆಯ ಏಟು ತಾಳುತ್ತದೆ. ಘಾಟಿಗೂ ಬಯಲಿಗೂ ರೇಡಿಯಲ್, ತಣ್ಣಗಿರುತ್ತದೆ. ಒಂದೇ ಆಕ್ಸಲ್‌ನಲ್ಲಿ ಎರಡನ್ನೂ ಬೆರೆಸಬೇಡಿ.

ನಮ್ಮ ಆಯ್ಕೆ ಹೀಗಿದೆ. ತೋಟದಿಂದ ಕುಶಾಲನಗರ, ಹುಣಸೂರಿಗೆ ಕಾಫಿ: ಬಿಎಸ್ 6 ಆರು ಚಕ್ರ, 20 ಅಡಿ. ಕೂಪಿನಿಂದ ಸಿಲ್ವರ್ ಓಕ್: ಚಾಸಿ ಗಟ್ಟಿಯಿರುವ ಹಳೆ ಆರು ಚಕ್ರ ಸಿಕ್ಕಿದರೆ ಬಿಡಬೇಡಿ. ಕುಶಾಲನಗರದಿಂದ ಮಂಗಳೂರಿಗೆ ನೇರ ಲೋಡು ವರ್ಷವಿಡೀ ಖಾತ್ರಿಯಿದ್ದರೆ ಮಾತ್ರ ಹತ್ತು ಚಕ್ರ, ಅದೂ ದೊಡ್ಡ ಇಂಜಿನ್ನಿನದು. ಆ ಖಾತ್ರಿಯನ್ನು ಮಳೆಗಾಲ ಸೇರಿಸಿಯೇ ಲೆಕ್ಕ ಹಾಕಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಬರೆ ಕುಸಿದು ಈ ರಸ್ತೆಯೇ ಮುಚ್ಚಿತ್ತು. ಈಚಿನ ಮಳೆಗಾಲಗಳಲ್ಲಿ ಜಿಲ್ಲಾಡಳಿತ ಭಾರೀ ಗಾಡಿಗಳನ್ನು, ಮರ ಮತ್ತು ಮರಳಿನ ಲಾರಿಗಳನ್ನು ತಡೆಯುವ ಆದೇಶ ಹೊರಡಿಸುತ್ತದೆ. ಆಗ ಹತ್ತು ಚಕ್ರದ ಕಂತು ನಿಲ್ಲುವುದಿಲ್ಲ, ಗಾಡಿ ನಿಲ್ಲುತ್ತದೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ಕಂತಿನ ಹಣ ಕೈಯಲ್ಲಿದೆಯೇ ನೋಡಿಕೊಳ್ಳಿ.