ತಮ್ಮನ ಬರ್ಥ್‌ಡೇಗೆ ಪ್ರೈವೇಟ್ ಥಿಯೇಟರ್: ಪರದೆ ಫಸ್ಟ್‌ಕ್ಲಾಸ್, ಎಸಿ ಸೋರುತ್ತದೆ

ಬೆಳಗಾವಿಯ ಟಿಳಕವಾಡಿಯಲ್ಲಿ ತಾಸಿನ ಲೆಕ್ಕಕ್ಕೆ ಬಾಡಿಗೆ ಸಿಗುವ ಪುಟ್ಟ ಥಿಯೇಟರಿಗೆ ಹೋದ ರವಿವಾರ ಹೋಗಿದ್ದೆವು. ಅಮೆರಿಕದಿಂದ ರಜೆಗೆ ಬಂದ ತಮ್ಮನಿಗೆ ನಲವತ್ತು ತುಂಬಿತ್ತು. ಆರು ಮಂದಿಗೆ ಮೂರು ತಾಸು, ಕೇಕು, ಬಲೂನು ಸೇರಿ 2,200 ರೂಪಾಯಿ. ಒಳಗೆ ಕಾಲಿಟ್ಟ ಕೂಡಲೇ ಹೊಗೆ ಬಿಟ್ಟರು. ವೈರು ಸುಟ್ಟಿತೆಂದು ಅವ್ವ ಹೊರಗೋಡಿದಳು. ಗೋಡೆಯ ಮೇಲೆ ಮಿಂಚುವ ಅಂಕಿಗಳಲ್ಲಿ 40ರ ಬದಲು 04 ಇತ್ತು. ತಮ್ಮ ಅದೇ ಇರಲಿ ಅಂದ.

ಸಿನಿಮಾ ಆರಿಸಿದ್ದು ನಾನು: 1984ರ 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಟೆಂಪಲ್ ಆಫ್ ಡೂಮ್'. ಸಣ್ಣವರಿದ್ದಾಗ ಶಹಾಪುರದ ನಮ್ಮ ಓಣಿಯಲ್ಲಿ ವಿಸಿಆರ್ ಬಾಡಿಗೆ ತಂದು ನೋಡಿದ್ದೆವು. ಅಮರೀಶ್ ಪುರಿ ಬಂದರೆ ಸೀಟಿಯೋ ಸೀಟಿ. ಇಂಗ್ಲಿಷ್ ಸಿನಿಮಾದಲ್ಲಿ ನಮ್ಮಾಂವ ಇದ್ದಾನೆ ಅನ್ನುವುದೇ ಹೆಚ್ಚಾಗಿತ್ತು. ಆಗ ಟಿವಿಯಲ್ಲಿ ಮಳೆ ಸುರಿದಂಥ ಚಿತ್ರ. ಇಲ್ಲಿ ಗೋಡೆಯಷ್ಟಗಲ ಪರದೆ, ಎಲ್ಲವೂ ಕಂಡಿತು.

ಸಿನಿಮಾದಲ್ಲಿ ಭಾರತದ ಒಂದು ಅರಮನೆಯ ಊಟ ಬಂತು. ಹಾವಿನ ಹೊಟ್ಟೆ ಸೀಳಿದರೆ ಒಳಗಿಂದ ಜೀವಂತ ಮರಿಗಳು, ಕಣ್ಣುಗುಡ್ಡೆ ತೇಲುವ ಸೂಪು, ಕೊನೆಗೆ ಮಂಗನ ಮಿದುಳು. ಹೊರಗಿನ ತಿನಿಸು ತರಬಾರದು ಎಂಬ ಬೋರ್ಡಿದ್ದರೂ ಅವ್ವ ಸೆರಗಿನ ಮರೆಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ತಂದಿದ್ದಳು. ಬಾಯಿಗೆ ಹೊರಟ ತುತ್ತು ಅರ್ಧ ದಾರಿಯಲ್ಲಿ ನಿಂತಿತು. "ಯಾವೂರ ರಾಜಾನ ಮನ್ಯಾಗ ಇಂಥಾ ಅಡಗಿ ಮಾಡ್ತಾರೋ?" ಆ ಮೇಜಿನಲ್ಲಿ ದಿವಾನನಾಗಿ ಕೂತವರು ರೋಶನ್ ಸೇಠ್. ಎರಡೇ ವರ್ಷ ಮೊದಲು 'ಗಾಂಧಿ'ಯಲ್ಲಿ ನೆಹರೂ ಆಗಿದ್ದವರು!

ಆಮೇಲೆ ನರಬಲಿ ಕೊಡುವ ಪೂಜಾರಿ ಮೋಲಾ ರಾಮನಾಗಿ ಅಮರೀಶ್ ಪುರಿ, ಎದೆಗೆ ಕೈ ಹಾಕಿ ಗುಂಡಿಗೆ ಕೀಳುತ್ತಾರೆ. ಈ ಸಲ ನಾನು ಸೀಟಿ ಹೊಡೆಯಲಿಲ್ಲ. 1973ರಲ್ಲೇ ಕಾರ್ನಾಡರ 'ಕಾಡು'ವಿನಲ್ಲಿ ಇದೇ ಮನುಷ್ಯ ಗೌಡನಾಗಿದ್ದರು. ಆ ಗೌಡನೇನು ಸಾಚಾ ಅಲ್ಲ, ಆದರೆ ಅವನಿಗೆ ಮನೆಯಲ್ಲಿ ಹೆಂಡತಿ, ಪಕ್ಕದೂರಲ್ಲಿ ಮತ್ತೊಬ್ಬಳು, ಊರಜಗಳ ಎಲ್ಲ ಇತ್ತು. ಇಲ್ಲಿಯ ಮೋಲಾ ರಾಮನಿಗೆ ಒಂದು ಮನೆಯೂ ಇಲ್ಲ.

"ಅಲ್ಲಿ ನಮ್ಮಂಥಾ ಗಂಡಸರು ಹೆದರಸಬೇಕು, ಇಲ್ಲಾ ನಗಸಬೇಕು, ಅಣ್ಣಾ," ಅಂದ ತಮ್ಮ. ಅವನ ಮೊದಲ ಆಫೀಸಿನಲ್ಲಿ ಒಬ್ಬ ದಿನಾಲೂ ಅಲ್ಲಿಯ 'ಸಿಂಪ್ಸನ್ಸ್' ಕಾರ್ಟೂನಿನ ಭಾರತೀಯ ಅಂಗಡಿಕಾರ ಅಪೂನ ದನಿ ತೆಗೆದು ಮಾತಾಡಿಸುತ್ತಿದ್ದನಂತೆ. ಆ ದನಿ ಕೊಟ್ಟವರು ಬಿಳಿಯ ನಟ ಹ್ಯಾಂಕ್ ಅಜೇರಿಯಾ, ಬಿಟ್ಟದ್ದು 2020ರಲ್ಲಿ. ಇವನು ಇದನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ.

ಹೀರೋನ ಬೆನ್ನು ಹತ್ತಿ ಓಡಾಡುವ ಚೀನೀ ಹುಡುಗನನ್ನು ನನ್ನ ಮಗಳು ಗುರುತು ಹಿಡಿದಳು, ಕೀ ಹುಯ್ ಕ್ವಾನ್. ಮಂಕು ಹಿಡಿದ ಹೀರೋನನ್ನು ಎಚ್ಚರಿಸುವವನೇ ಆ ಪೋರ. ಬೆಳೆದು ಗಂಡಸಾದ ಮೇಲೆ ಪಾತ್ರಗಳೇ ಬರದೆ ಎಷ್ಟೋ ವರ್ಷ ನಟನೆ ಬಿಟ್ಟಿದ್ದ. ಆಸ್ಕರ್ ಸಿಕ್ಕಿದ್ದು 2023ರಲ್ಲಿ.

ಕೇಕು ಕತ್ತರಿಸಿದ ಮೇಲೂ ಹೊತ್ತು ಉಳಿದಿತ್ತು. ತಮ್ಮ 2000ದ 'ರೋಮಿಯೋ ಮಸ್ಟ್ ಡೈ' ಸಿನಿಮಾದ ಕೊನೆಯ ತುಂಡು ಹಾಕಿದ. ಚೀನೀ ಹೀರೋ ಜೆಟ್ ಲೀ ಅಷ್ಟು ಮಂದಿಯನ್ನು ಬಡಿದು ಹಾಕಿ ಬಂದರೂ ನಾಯಕಿ ಆಲಿಯಾಳಿಂದ ಸಿಗುವುದು ಒಂದು ಅಪ್ಪುಗೆ ಮಾತ್ರ. "ಹೆಸರು ರೋಮಿಯೋ, ಒಂದ ಮುತ್ತಿಗೂ ಗತಿ ಇಲ್ಲ," ಅಂದಳು ನನ್ನ ಹೆಂಡತಿ. ಅವ್ವನ ಎದುರಿಗೇ!

ಇನ್ನು ಥಿಯೇಟರಿನ ಮಾತು. ಸೌಂಡು ಚೊಕ್ಕ, ಕುರ್ಚಿ ಮೆತ್ತಗೆ. ಕೇಕಿಗೆ ತತ್ತಿ ಹಾಕಿದ್ದಾರೋ ಇಲ್ಲವೋ ನಾವೇ ಕೇಳಬೇಕು. ಎಸಿಯ ನೀರು ಎಡಗಡೆಯ ಮೂಲೆಯ ಸೀಟಿನ ಮೇಲೆ ತೊಟ್ಟಿಕ್ಕುತ್ತದೆ, ಹೇಳಿದರೆ ಒಂದು ಟಾವೆಲ್ ತಂದು ಹಾಸಿದರು. ಹತ್ತು ನಿಮಿಷ ಮೊದಲೇ ಬಾಗಿಲು ಬಡಿಯುತ್ತಾರೆ. ಆ ಗಡಿಬಿಡಿಯಲ್ಲಿ ಅವ್ವನ ಡಬ್ಬಿ ಕುರ್ಚಿಯ ಕೆಳಗೇ ಉಳಿಯಿತು. ಮರುದಿನ ಅಂಜುತ್ತಲೇ ಹೋದೆ. ಹುಡುಗ ಏನೂ ಅನ್ನದೆ ಡಬ್ಬಿ ತೊಳೆದು ಕೊಟ್ಟ. ಮೂರು ಹೋಳಿಗೆ ಉಳಿದಿದ್ದವು, ಅವುಗಳ ಸುದ್ದಿ ಅವನೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.