ಗೂಗಲ್ ಪಟ್ಟಿ, ಹಣದ ಡೈರೆಕ್ಟರಿ, ಮದುವೆ ತಾಣ: ಗಂಗಾವತಿಯ ಫೋಟೋಗ್ರಾಫರ್ ಕಂಡ ವ್ಯತ್ಯಾಸ

ಗಂಗಾವತಿಯಂಥ ಊರಿನಲ್ಲಿ ಸ್ಟುಡಿಯೋ ನಡೆಸುವವರ ಬಳಿಗೆ ಬರುವ ಕೆಲಸ ಒಂದೇ ಬಗೆಯದಲ್ಲ. ಮದುವೆ, ಕುಬುಸ, ಜವಳ, ಗೃಹಪ್ರವೇಶಗಳ ಕೆಲಸ ಸುತ್ತಲಿನ ಹಳ್ಳಿಗಳಿಂದ ಬರುತ್ತದೆ. ಆನೆಗೊಂದಿ, ಸಾಣಾಪುರ ಕೆರೆ ಮತ್ತು ಹೊಳೆಯಾಚೆಯ ಹಂಪಿಯ ಹಿನ್ನೆಲೆಯಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಮಾಡಿಸಿಕೊಳ್ಳಲು ಬೆಂಗಳೂರು, ಹೈದರಾಬಾದ್ ಕಡೆಯ ಜೋಡಿಗಳು ಬರುತ್ತಾರೆ. ಇವೆರಡರ ನಡುವೆ ಪಾಸ್‌ಪೋರ್ಟ್ ಸೈಜ್ ಫೋಟೋ, ಫ್ರೇಮು, ಲ್ಯಾಮಿನೇಷನ್ ಎಂಬ ದಿನನಿತ್ಯದ ಗಿರಾಕಿ ಇದ್ದೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ರೈಸ್ ಮಿಲ್ಲಿನವರು ಅಕ್ಕಿ ಚೀಲದ ಮೇಲೆ ಹಾಕಿಸಲು ಚಿತ್ರ ಕೇಳುತ್ತಾರೆ. ಆದ್ದರಿಂದ ಆನ್‌ಲೈನ್ ಪಟ್ಟಿಗಳಲ್ಲಿ ಯಾವುದು ಒಳ್ಳೆಯದೆಂದು ಯಾರಾದರೂ ಕೇಳಿದಾಗ, ನಿಮಗೆ ಬೇಕಿರುವುದು ಇವುಗಳಲ್ಲಿ ಯಾವ ಕೆಲಸ ಎಂದು ಮೊದಲು ಕೇಳಬೇಕಾಗುತ್ತದೆ. ಗೂಗಲ್‌ನ ಉಚಿತ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಪುಟ), ವಾರ್ಷಿಕ ಶುಲ್ಕದ ಒಂದು ಆನ್‌ಲೈನ್ ಡೈರೆಕ್ಟರಿ ಮತ್ತು ಮದುವೆಗೆ ಫೋಟೋಗ್ರಾಫರ್ ಮುಂತಾದವರನ್ನು ಹುಡುಕಲೆಂದೇ ಇರುವ ಒಂದು ಜಾಲತಾಣ, ಈ ಮೂರನ್ನೂ ನಾನು ಬಳಸಿ ನೋಡಿದ್ದೇನೆ. ಮೂರಕ್ಕೂ ಒಂದೇ ಅಳತೆಗೋಲು ಇಟ್ಟುಕೊಂಡೆ: ಎಷ್ಟು ಕರೆ ಬಂದವು ಎಂಬುದಲ್ಲ, ಎಷ್ಟು ಕರೆಗಳು ಅಡ್ವಾನ್ಸ್ ಕೊಡುವವರೆಗೆ ಮುಟ್ಟಿದವು ಎಂಬುದು.

ಗೂಗಲ್ ಪ್ರೊಫೈಲಿನಿಂದ ಆರಂಭಿಸುತ್ತೇನೆ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎಂದು ಕರೆಯಲಾಗುತ್ತಿದ್ದ ಈ ಸೇವೆಗೆ ಹಣವಿಲ್ಲ, ಮತ್ತು ಹಣ ಕೊಟ್ಟು ಅದರಲ್ಲಿ ಮೇಲಿನ ಸ್ಥಾನ ಪಡೆಯಲೂ ಬರುವುದಿಲ್ಲ. ಜಾಹೀರಾತಿನ ವ್ಯವಸ್ಥೆ ಬೇರೆಯೇ ಇದೆ. ಹುಡುಕಿದ್ದಕ್ಕೆ ನಮ್ಮ ವ್ಯಾಪಾರ ಎಷ್ಟು ಹೊಂದುತ್ತದೆ, ಹುಡುಕುವವರು ನಿಂತ ಜಾಗದಿಂದ ನಾವು ಎಷ್ಟು ದೂರ, ನಮ್ಮ ಹೆಸರು ಎಷ್ಟು ಪರಿಚಿತ ಎಂಬ ಮೂರು ಅಂಶಗಳನ್ನು ನೋಡಿ ಗೂಗಲ್ ಪ್ರೊಫೈಲುಗಳನ್ನು ಸಾಲು ಹಚ್ಚುತ್ತದೆ. ದೂರ ನಮ್ಮ ಕೈಯಲ್ಲಿಲ್ಲ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ನಿಂತು ಫೋಟೋಗ್ರಾಫರ್ ಎಂದು ಹುಡುಕಿದವರಿಗೆ ಕೊಪ್ಪಳದ ಸ್ಟುಡಿಯೋಗಳೇ ಮೊದಲು ಕಾಣುತ್ತವೆ, ಅದು ನ್ಯಾಯವೂ ಹೌದು. ಉಳಿದ ಎರಡರಲ್ಲಿ ಮಾತ್ರ ನಾವು ಮಾಡಬಹುದಾದ ಕೆಲಸವಿದೆ.

ಹೊಂದಾಣಿಕೆಯ ವಿಷಯದಲ್ಲಿ ಅತಿ ಹೆಚ್ಚು ಪರಿಣಾಮ ಕಂಡದ್ದು ವ್ಯಾಪಾರದ ವರ್ಗವನ್ನು ಆರಿಸುವಲ್ಲಿ. ಒಂದು ಮುಖ್ಯ ವರ್ಗ ಮತ್ತು ಅದರ ಜೊತೆಗೆ ಒಂಬತ್ತರವರೆಗೆ ಹೆಚ್ಚುವರಿ ವರ್ಗಗಳಿಗೆ ಅವಕಾಶವಿದೆ. ಮುಖ್ಯ ವರ್ಗ ಫೋಟೋಗ್ರಫಿ ಸ್ಟುಡಿಯೋ ಎಂದಿದ್ದಾಗ ಬಂದ ಕರೆಗಳಲ್ಲಿ ಬಹುಪಾಲು, ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಪಾಸ್‌ಪೋರ್ಟ್ ಫೋಟೋ ಈಗಲೇ ಸಿಗುತ್ತದೆಯೇ ಎಂದು ಕೇಳುವವರದಾಗಿತ್ತು. ವೆಡ್ಡಿಂಗ್ ಫೋಟೋಗ್ರಾಫರ್ ಎಂಬುದನ್ನು ಮುಖ್ಯ ವರ್ಗವಾಗಿಸಿ, ಸ್ಟುಡಿಯೋವನ್ನು ಹೆಚ್ಚುವರಿಯಾಗಿ ಉಳಿಸಿದ ಮೇಲೆ ತಾರೀಖು ಹೇಳಿ ವಿಚಾರಿಸುವವರು ಹೆಚ್ಚಾದರು. ಪ್ರೊಫೈಲಿನ ಒಳಗೆ, ಜನ ಯಾವ ಪದ ಹುಡುಕಿ ನಮ್ಮನ್ನು ಕಂಡರು ಎಂಬ ವರದಿ ಸಿಗುವುದರಿಂದ ಈ ಬದಲಾವಣೆಯನ್ನು ಊಹೆಯ ಮೇಲೆ ಬಿಡದೆ ನೋಡಿ ತಿಳಿಯಬಹುದು. ಇನ್ನು ಬೋರ್ಡಿನ ಮೇಲಿರುವ ಹೆಸರಿನ ಮುಂದೆ ಬೆಸ್ಟ್, ನಂಬರ್ ವನ್, ಊರಿನ ಹೆಸರು ಇತ್ಯಾದಿಗಳನ್ನು ಜೋಡಿಸುವುದು ಅಲ್ಲಿನ ನಿಯಮಕ್ಕೆ ವಿರುದ್ಧ. ಅದರಿಂದ ಪ್ರೊಫೈಲೇ ಅಮಾನತಾಗುವ ಸಂಭವವಿದೆ.

ವ್ಯಾಪಾರ ಅಸಲಿಯೇ ಎಂಬ ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ರಸ್ತೆ, ಪಕ್ಕದ ಅಂಗಡಿಗಳು ಮತ್ತು ನಮ್ಮ ಬೋರ್ಡನ್ನು ತೋರಿಸಿ, ನಮ್ಮ ಕೈಯಿಂದಲೇ ಕೀಲಿ ತೆಗೆದು ಶಟರ್ ಎತ್ತಿ, ಒಳಗಿನ ಲೈಟು, ಹಿಂಪರದೆ, ಪ್ರಿಂಟರ್‌ಗಳನ್ನು ತೋರಿಸಿದರೆ ಸಾಕಾಗುತ್ತದೆ. ಅಂಗಡಿಯಿಲ್ಲದೆ ಮನೆಯಿಂದಲೇ ದುಡಿಯುವ ಫೋಟೋಗ್ರಾಫರ್‌ಗಳು ವಿಳಾಸವನ್ನು ಮರೆಮಾಡಿ ತಾವು ಹೋಗಿ ಕೆಲಸ ಮಾಡುವ ಊರುಗಳನ್ನು, ಅಂದರೆ ಕಾರಟಗಿ, ಕನಕಗಿರಿ, ಕಂಪ್ಲಿ, ಸಿಂಧನೂರುಗಳಂಥ ಇಪ್ಪತ್ತರವರೆಗಿನ ಪ್ರದೇಶಗಳನ್ನು ನಮೂದಿಸಬಹುದು. ಹೀಗೆ ನಮೂದಿಸಿದ ಮಾತ್ರಕ್ಕೆ ಆ ಊರುಗಳಲ್ಲೆಲ್ಲ ಮೇಲಿನ ಸಾಲಿನಲ್ಲಿ ಬರುತ್ತೇವೆಂದು ತಿಳಿಯಬಾರದು.

ಪರಿಚಿತತೆಯ ವಿಷಯಕ್ಕೆ ಬಂದರೆ, ರಿವ್ಯೂಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಮದುವೆಯ ಫೋಟೋ ಕೆಲಸ ಈಗಲೂ ಬಾಯಿ ಮಾತಿನ ಮೇಲೆಯೇ ನಡೆಯುತ್ತದೆ. ಬೀಗರ ಮನೆಯ ಆಲ್ಬಂ ನೋಡಿದವರು ಫೋಟೋಗ್ರಾಫರ್ ಯಾರೆಂದು ಕೇಳುತ್ತಾರೆ, ನಂಬರ್ ತೆಗೆದುಕೊಳ್ಳುತ್ತಾರೆ, ಆದರೆ ಕರೆ ಮಾಡುವ ಮೊದಲು ಮನೆಯ ಹುಡುಗರು ಮೊಬೈಲಿನಲ್ಲಿ ಹೆಸರು ಹುಡುಕುತ್ತಾರೆ. ಪಟ್ಟಿಯ ನಿಜವಾದ ಕೆಲಸ ಅಲ್ಲಿದೆ. ಅದು ಹೊಸಬರನ್ನು ಕರೆತರುವುದಕ್ಕಿಂತ ಹೆಚ್ಚಾಗಿ, ಆಗಲೇ ಅರ್ಧ ನಂಬಿದವರ ನಂಬಿಕೆಯನ್ನು ಪೂರ್ತಿ ಮಾಡುತ್ತದೆ. ಐದು ನಕ್ಷತ್ರ ಒತ್ತಿ ಗುಡ್ ಎಂದು ಬರೆದ ಸಾಲುಗಳಿಗೆ ಅಲ್ಲಿ ಬೆಲೆ ಕಡಿಮೆ. ಕಾರಟಗಿಯ ಗಿರಾಕಿಯೊಬ್ಬರು ತಮ್ಮ ತಂಗಿಯ ಮದುವೆಯ ಬಗ್ಗೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೂ ಒಂದು ಫೋಟೋವೂ ಕೆಟ್ಟಿಲ್ಲವೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ದಾರೆ. ಅದನ್ನು ಓದಿ ಕರೆ ಮಾಡಿದವರು, “ಆ ಕಾರಟಗಿ ಮದುವಿ ಫೋಟೋ ತಗದವ್ರು ನೀವ ಏನ್ರಿ ಅಣ್ಣಾರ?” ಎಂದೇ ಮಾತು ಶುರು ಮಾಡುತ್ತಾರೆ. ಅಂಥವರು ರೇಟಿನ ಬಗ್ಗೆ ಚೌಕಾಸಿ ಮಾಡುವುದಿಲ್ಲವೆಂದಲ್ಲ, ಆದರೆ ಮಾತು ರೇಟಿನಿಂದ ಆರಂಭವಾಗುವುದಿಲ್ಲ.

ಇಂಥ ರಿವ್ಯೂ ತಾನಾಗಿ ಬರುವುದು ಅಪರೂಪ. ಆಲ್ಬಂ ಕೊಡುವ ದಿನ, ಮನೆಮಂದಿಯೆಲ್ಲ ಕೂಡಿ ಪುಟ ತಿರುವುತ್ತಿರುವಾಗಲೇ, ಮದುಮಗಳ ಅಣ್ಣನಿಗೋ ತಮ್ಮನಿಗೋ ವಾಟ್ಸಾಪ್‌ನಲ್ಲಿ ರಿವ್ಯೂ ಲಿಂಕ್ ಕಳಿಸಿ, ಯಾವ ಊರಿನ ಯಾವ ಕಾರ್ಯ ಎಂಬುದನ್ನು ಕನ್ನಡದಲ್ಲೇ ಬರೆಯಿರಿ ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ರಿಯಾಯಿತಿ ಅಥವಾ ಉಚಿತ ಫ್ರೇಮ್ ಕೊಟ್ಟು ರಿವ್ಯೂ ಬರೆಸುವುದನ್ನು ಗೂಗಲ್ ನಿಷೇಧಿಸಿದೆ.

ಶುಲ್ಕದ ಡೈರೆಕ್ಟರಿಯ ಸ್ವಭಾವ ಇದಕ್ಕೆ ಪೂರ್ತಿ ಬೇರೆ. ಕರೆಗಳ ಸಂಖ್ಯೆಯನ್ನಷ್ಟೇ ನೋಡಿದರೆ ಅದು ಗೂಗಲ್ ಪ್ರೊಫೈಲನ್ನು ಹಿಂದೆ ಹಾಕಿತು, ಅದನ್ನು ಒಪ್ಪಲೇಬೇಕು. ಆದರೆ ಒಬ್ಬರ ವಿಚಾರಣೆ ಒಂದೇ ಹೊತ್ತಿಗೆ ಹಲವು ಫೋಟೋಗ್ರಾಫರ್‌ಗಳಿಗೆ ಹೋಗುತ್ತದೆ. ಕರೆ ಮಾಡಿದವರು ನಮ್ಮ ಒಂದು ಚಿತ್ರವನ್ನೂ ನೋಡಿರುವುದಿಲ್ಲ. ಎರಡು ದಿನಕ್ಕೆ ಎಷ್ಟು, ಡ್ರೋನ್ ಸೇರಿದರೆ ಎಷ್ಟು, ಎಲ್‌ಇಡಿ ಪರದೆ ನಿಮ್ಮದೇನಾ ಎಂದು ಕೇಳಿ, ಬೇರೆಯವರ ರೇಟಿನೊಂದಿಗೆ ತಾಳೆ ನೋಡುತ್ತಾರೆ. ಅಡ್ವಾನ್ಸ್‌ವರೆಗೆ ಬಂದ ಕೆಲಸಗಳು ಕೆಲವೇ, ಅವು ಸಹ ಹೆಚ್ಚಾಗಿ ಅರ್ಧ ದಿನದ ಹುಟ್ಟುಹಬ್ಬ, ನಾಮಕರಣಗಳು. ವರ್ಷದ ಶುಲ್ಕವನ್ನು ಆ ಕೆಲಸಗಳಿಗೆ ಹಂಚಿ ನೋಡಿದಾಗ ಲಾಭದ ಬಹುಭಾಗ ಅಲ್ಲಿಯೇ ಕರಗಿತ್ತು. ಹಾಗೆಂದು ಇದು ಯಾರಿಗೂ ಬೇಡವೆಂದು ನಾನು ಹೇಳುವುದಿಲ್ಲ. ಊರಿಗೆ ಹೊಸದಾಗಿ ಬಂದು, ಹೇಳಿಕೊಡುವ ಬಂಧುಬಳಗವಿಲ್ಲದೆ ಕೆಲಸ ಆರಂಭಿಸುವ ಹುಡುಗರಿಗೆ ಮೊದಲ ವರ್ಷ ಕೈಗೆ ಕೆಲಸ ಬರಲು, ಹಾಗೂ ಡ್ರೋನ್ ಅಥವಾ ಎಲ್‌ಇಡಿ ಪರದೆಯನ್ನು ಬಾಡಿಗೆಗೆ ಕೊಡುವವರಿಗೆ ಅದು ಒದಗುತ್ತದೆ. ಬಾಡಿಗೆ ಸಾಮಾನಿನಲ್ಲಿ ಗಿರಾಕಿ ನೋಡುವುದೇ ರೇಟನ್ನು.

ಮದುವೆ ತಾಣದಿಂದ ಸ್ಥಳೀಯ ಮದುವೆಯ ಕೆಲಸ ನನಗೆ ಬರಲಿಲ್ಲ. ನಾನು ಸೇರಿದ ತಾಣದ ಊರುಗಳ ಪಟ್ಟಿಯಲ್ಲಿ ಗಂಗಾವತಿಯೇ ಇಲ್ಲದ್ದರಿಂದ ಬೇರೆ ಊರಿನ ಅಡಿಯಲ್ಲಿ ನಿಲ್ಲಬೇಕಾಯಿತು. ಆದರೆ ಹೊರಗಿನ ಜೋಡಿಗಳ ಪ್ರೀ-ವೆಡ್ಡಿಂಗ್ ಕೆಲಸಕ್ಕೆ ಅದರಷ್ಟು ನೇರವಾದ ದಾರಿ ಇನ್ನೊಂದಿಲ್ಲ. ಈ ಜೋಡಿಗಳು ದಿನವೊಂದರ ದರ, ಪೂರ್ತಿ ಆಲ್ಬಂ ಎಲ್ಲವನ್ನೂ ನೋಡಿಕೊಂಡೇ ಮಾತಾಡುತ್ತಾರೆ, ಮತ್ತು ಅವರ ಪ್ರಶ್ನೆಗಳು ಕೆಲಸಕ್ಕೆ ಸಂಬಂಧಿಸಿದವು: ಬೆಳಗಿನ ಬಿಸಿಲು ಬಂಡೆಗಳ ಮೇಲೆ ಎಷ್ಟು ಹೊತ್ತಿಗೆ ಬೀಳುತ್ತದೆ, ಬಟ್ಟೆ ಬದಲಿಸಲು ಜಾಗ ಎಲ್ಲಿದೆ, ಹರಿಗೋಲು ಸಿಗುತ್ತದೆಯೇ. ಹಂಪಿಯ ಸಂರಕ್ಷಿತ ಸ್ಮಾರಕಗಳಲ್ಲಿ ವೃತ್ತಿಪರ ಚಿತ್ರೀಕರಣಕ್ಕೂ ಡ್ರೋನಿಗೂ ಪೂರ್ವಾನುಮತಿ ಬೇಕೆಂಬುದನ್ನು ನನ್ನ ಪುಟದಲ್ಲೇ ಬರೆದಿಟ್ಟ ಮೇಲೆ, ಆನೆಗೊಂದಿಯ ಕಡೆಯ ಗದ್ದೆಬಯಲು, ಬಂಡೆಗುಡ್ಡ, ಕೆರೆಯ ದಂಡೆಗಳಲ್ಲಿ ಶೂಟ್ ಮಾಡಿಸಲು ಅವರು ಸುಲಭವಾಗಿ ಒಪ್ಪುತ್ತಾರೆ.

ಮೂರೂ ದಾರಿಗಳು ಕೊನೆಗೆ ಬಂದು ಸೇರುವುದು ವಾಟ್ಸಾಪ್ ಬಿಸಿನೆಸ್‌ಗೆ. ಅದನ್ನು ಪಟ್ಟಿಯೆನ್ನಲಾಗದು, ಹುಡುಕಿದವರಿಗೆ ಅದು ಕಾಣುವುದಿಲ್ಲ. ಆದರೆ ಅದರ ಕ್ಯಾಟಲಾಗಿನಲ್ಲಿ ಮದುವೆ, ಕುಬುಸ, ಜವಳಗಳ ಪ್ಯಾಕೇಜುಗಳನ್ನು ಚಿತ್ರ ಸಹಿತ ಇಟ್ಟರೆ ಒಂದೇ ಮಾತನ್ನು ಎಲ್ಲರಿಗೂ ಹೇಳುವುದು ತಪ್ಪುತ್ತದೆ. ಎಲ್ಲ ಕಡೆಯೂ ಅದೇ ಮೊಬೈಲ್ ನಂಬರ್, ಅದೇ ಹೆಸರು ಇರಬೇಕು.

ಒಂದು ಎಚ್ಚರಿಕೆಯ ಮಾತು. ಗೂಗಲ್ ಕಡೆಯವರೆಂದು ಹೇಳಿಕೊಂಡು ಕರೆ ಮಾಡಿ, ಪ್ರೊಫೈಲ್ ಉಳಿಸಲು ಇಲ್ಲವೇ ಮೇಲಿನ ಸ್ಥಾನಕ್ಕೆ ತರಲು ಹಣ ಕೇಳುವವರಿದ್ದಾರೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ, ಫೋನಿಗೆ ಬಂದ ಒಟಿಪಿಯನ್ನಂತೂ ಹೇಳಲೇಬಾರದು. ಪ್ರೊಫೈಲಿನ ಒಡೆತನವೂ ನಮ್ಮದೇ ಜಿಮೇಲ್ ಖಾತೆಯಲ್ಲಿರಬೇಕು. ಮಾಡಿಕೊಟ್ಟ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರೆ ವರ್ಷಗಳ ರಿವ್ಯೂಗಳು ಅವನ ಖಾತೆಯೊಂದಿಗೆ ಹೋಗಬಾರದು.

ಕೊಪ್ಪಳ, ರಾಯಚೂರು ಕಡೆಯ ವೃತ್ತಿಬಾಂಧವರು ಕೇಳಿದರೆ ನನ್ನ ಉತ್ತರ ಇಷ್ಟು: ಊರ ಮದುವೆಗಳ ಕೆಲಸ ಬೇಕಿದ್ದರೆ ಗೂಗಲ್ ಪ್ರೊಫೈಲೊಂದೇ ಸಾಕು, ಡೈರೆಕ್ಟರಿಗೆ ಕೊಡುವ ಹಣವನ್ನು ಒಳ್ಳೆಯ ಆಲ್ಬಂ ಕಾಗದಕ್ಕೆ ಹಾಕಿ. ಹಂಪಿ ಸೀಸನ್ನಿನ ಕೆಲಸವೂ ಬೇಕೆನ್ನುವವರು ನವೆಂಬರ್‌ಗೆ ಮೊದಲೇ ಮದುವೆ ತಾಣಕ್ಕೆ ಸೇರಿರಬೇಕು. ನಾನು ಡೈರೆಕ್ಟರಿಯನ್ನು ನವೀಕರಿಸಿಲ್ಲ, ಮದುವೆ ತಾಣವನ್ನು ಮುಂದುವರಿಸಿದ್ದೇನೆ. ಮದುವೆಗಳಿಲ್ಲದ ಆಷಾಢದಲ್ಲಿ ಗೂಗಲ್ ಪ್ರೊಫೈಲಿನ ಹಳೆಯ ಚಿತ್ರಗಳನ್ನು ತೆಗೆದು, ಆ ವರ್ಷದ ಮದುವೆಗಳಲ್ಲಿ ಮನೆಯವರ ಒಪ್ಪಿಗೆಯಿರುವ ಚಿತ್ರಗಳನ್ನು ಹಾಕುತ್ತೇನೆ.