ಗೋಡೆಗೆ ಬಿಗಿದ ಟವರ್‌ಗೆ ಇನ್ನೂ ಹತ್ತಡಿ: ಪೈಪೋ, ಲ್ಯಾಟಿಸೋ?

ಉಡುಪಿಯ ಕಡಲ ಬದಿಯ ನಮ್ಮ ಮನೆಯಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೊ ಟವರ್ ಗೋಡೆಯ ಬ್ರಾಕೆಟ್ ಹಿಡಿದು ನಿಂತಿದೆ. ಅದನ್ನು ನಿಲ್ಲಿಸಿದಾಗ ಎಳೆಯದಾಗಿದ್ದ ತೆಂಗುಗಳು ಈಗ ಅದನ್ನು ಮೀರಿ ಬೆಳೆದಿವೆ. 144–146 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ದೂರದವರು ಸಿಗಬೇಕಾದರೆ ಆಂಟೆನಾ ಸೋಗೆಗಳನ್ನು ದಾಟಲೇಬೇಕು. ತುದಿಯಿಂದ ಜಿಐ ಪೈಪ್ ಎತ್ತಿಯೂ ನೋಡಿದೆ, ಲ್ಯಾಟಿಸ್ (ಜಾಲರಿಯಂಥ ಉಕ್ಕಿನ ಚೌಕಟ್ಟು) ತುಂಡು ಜೋಡಿಸಿ, ಅದನ್ನು ಸುತ್ತಲಿಂದ ಬಿಗಿದು ಹಿಡಿಯುವ ಸ್ಟೇ ವೈರ್ ಎಳೆದೂ ನೋಡಿದೆ.

ಪೈಪ್ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ದಪ್ಪನೆಯ ಸಿ ಕ್ಲಾಸ್ ಪೈಪಿನ ಮೂರನೇ ಒಂದು ಭಾಗವನ್ನು ಟವರಿನೊಳಗೆ ಇಳಿಸಿ ಎರಡು ಕಡೆ ಕ್ಲಾಂಪ್ ಹಾಕಿದರೆ ಹಗುರವಾದ ವರ್ಟಿಕಲ್ ಆಂಟೆನಾ ನಿಶ್ಚಿಂತೆಯಿಂದ ನಿಲ್ಲುತ್ತದೆ. ಸಾಲಾಗಿ ಅಡ್ಡ ಕಡ್ಡಿಗಳಿರುವ ಯಾಗಿ ಆಂಟೆನಾ ಕಟ್ಟಿದರೆ ಹಾಗಲ್ಲ. ಜೂನ್ ಗಾಳಿಗೆ ಪೈಪ್ ಓಲಾಡಿ, ಆ ಅಲುಗಾಟ ಬ್ರಾಕೆಟ್‌ವರೆಗೂ ಇಳಿದು, ಬೋಲ್ಟಿನ ಸುತ್ತ ಕೆಂಪು ಹುಡಿ ಉದುರತೊಡಗಿತು. ಗೋಡೆಯ ಮುರಕಲ್ಲಿನಲ್ಲಿ (ಕೆಂಪು ಕಲ್ಲು) ಆಂಕರ್ ಬೋಲ್ಟ್ ಗಟ್ಟಿಯಾಗಿ ಕಚ್ಚುವುದಿಲ್ಲ. ಯಾಗಿ ಇಳಿಸಿ, ಬ್ರಾಕೆಟ್ಟನ್ನು ಬಾಗಿಲು-ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದ ಕಾಂಕ್ರೀಟ್ ಬೆಲ್ಟಿಗೆ ಸ್ಥಳಾಂತರಿಸಿದೆ. ಬೋಲ್ಟುಗಳನ್ನು ಒಳಗಿನವರೆಗೂ ತೂರಿಸಿ ಹಿಂದೆ ಕಬ್ಬಿಣದ ಪ್ಲೇಟ್ ಕೊಟ್ಟೆ.

ಲೆಕ್ಕ ಹೆದರಿಸುವಂಥದ್ದೇ. ಕಟ್ಟಡಗಳ ಮೇಲಿನ ಹೊರೆ ಲೆಕ್ಕ ಹಾಕುವ ಭಾರತೀಯ ಮಾನದಂಡ ಐಎಸ್ 875 ಮಂಗಳೂರಿಗೆ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅಂದರೆ ಗಾಳಿಗೆ ಎದುರಾದ ಪ್ರತಿ ಚದರ ಮೀಟರಿಗೆ ಸುಮಾರು 93 ಕಿಲೊ ಒತ್ತಡ. ಬ್ರಾಕೆಟ್‌ನಿಂದ ಮೇಲಿನ ಉದ್ದ ದುಪ್ಪಟ್ಟಾದರೆ ಟವರ್ ಮೈಮೇಲಿನ ಗಾಳಿ ಬ್ರಾಕೆಟ್ ಬಳಿ ತರುವ ಬಾಗುಬಲ ನಾಲ್ಕು ಪಟ್ಟಾಗುತ್ತದೆ. ಟವರ್ ಒಟ್ಟು ಎಷ್ಟು ಎತ್ತರ ಎನ್ನುವುದಕ್ಕಿಂತ, ಬ್ರಾಕೆಟ್ ದಾಟಿ ಎಷ್ಟು ಮೇಲೆ ಹೋಗಿದೆ ಎನ್ನುವುದೇ ಮುಖ್ಯ.

ಹೀಗಾಗಿ ಯಾಗಿ ಇಟ್ಟುಕೊಳ್ಳುವವರಿಗೆ ನಾನು ಹೇಳುವುದು ಸ್ಟೇ ಇರುವ ಲ್ಯಾಟಿಸ್ ತುಂಡನ್ನೇ. ಖರ್ಚು ಹೆಚ್ಚು, ಅಂಗಳವೂ ಬೇಕು. ಆದರೆ ಅದೇ ಯಾಗಿ, ಅದೇ ಮಳೆಗಾಲ, ಬ್ರಾಕೆಟ್ ಮಾತ್ರ ಕದಲಲಿಲ್ಲ. ಮಲ್ಪೆಯಲ್ಲಿ ದೋಣಿಯವರು ಕೊಳ್ಳುವ ಪ್ಲಾಸ್ಟಿಕ್ ಹಗ್ಗ ಸ್ಟೇಗೆ ಸಲ್ಲದು: ಹಿಗ್ಗುತ್ತದೆ, ಬಿಸಿಲಿಗೆ ನಾರುನಾರಾಗುತ್ತದೆ. ಸತು ಲೇಪಿಸಿದ ಉಕ್ಕಿನ ತಂತಿ, ನಡುನಡುವೆ ವಿದ್ಯುತ್ ಕಂಬದ ಸ್ಟೇಯಲ್ಲಿ ಕಾಣುವಂಥ ಪಿಂಗಾಣಿ ಇನ್ಸುಲೇಟರ್, ಬುಡದಲ್ಲಿ ತಂತಿಯನ್ನು ತಿರುಗಿಸಿ ಬಿಗಿಗೊಳಿಸುವ ಟರ್ನ್‌ಬಕಲ್. ಸ್ಟೇಗಳು ಟವರನ್ನು ಕೆಳಕ್ಕೂ ಒತ್ತುವುದರಿಂದ ಬುಡದ ಕಾಂಕ್ರೀಟ್ ಗಟ್ಟಿಯಿರಬೇಕು. ತಂತಿ ತುಂಡಾದರೂ ಟವರ್ ಉರುಳಿದರೂ ವಿದ್ಯುತ್ ಲೈನಿಗೆ ತಾಗಬಾರದು. ಇದಕ್ಕೆಂದೇ ಒಂದು ಆಂಕರನ್ನು ರಸ್ತೆ ಬದಿಯಿಂದ ಬಾವಿಕಟ್ಟೆಯ ಕಡೆಗೆ ತಂದೆ.

ಹೊಸ ತುಂಡು ಏರಿಸುವ ಮೊದಲು ಕೆಳಗಿನ ಭಾಗಕ್ಕೆ ತಾತ್ಕಾಲಿಕ ಸ್ಟೇ ಕಟ್ಟಿ, ಬೆಲ್ಟ್ ಧರಿಸಿಯೇ ಹತ್ತಿ. ಮೇ ತಿಂಗಳ ಗುಡುಗು ಶುರುವಾಗುವ ಮುನ್ನ ಕೆಲಸ ಮುಗಿಸಿ. ಉಪ್ಪುಗಾಳಿಗೆ ಮೊದಲು ಕೆಡುವುದು ಟರ್ನ್‌ಬಕಲ್‌ನ ತಿರುಪಿನ ಎಳೆಗಳು. ಪ್ರತಿ ಮಳೆಗಾಲಕ್ಕೂ ಮುಂಚೆ ಅವಕ್ಕೆ ಗ್ರೀಸ್ ಹಚ್ಚಿ.